ಒಂದು ಕಿವಿಗೆ ಐದು ಪೆಟ್ಟಿಗೆ

ಅವರ ಜೊತೆ ರಸ್ತೆಯಲ್ಲಿ ನಡೆಯುವಾಗ ನಾವು ಯಾವಾಗಲೂ ಅವರ ಬಲಗಡೆಗೇ ಇರಬೇಕಿತ್ತು. ಮರೆತು ಎಡಕ್ಕೆ ಹೋದರೆ ಅವರು ಏನೂ ಹೇಳುತ್ತಿರಲಿಲ್ಲ. ಆಡುತ್ತಿದ್ದ ಮಾತನ್ನು ನಿಲ್ಲಿಸದೆ, ನಮ್ಮ ಬೆನ್ನ ಹಿಂದಿನಿಂದ ಸುತ್ತಿ ಬಂದು, ನಮ್ಮನ್ನು ತಮ್ಮ ಬಲಕ್ಕೆ ಮಾಡಿಕೊಂಡು ಮುಂದೆ ನಡೆಯುತ್ತಿದ್ದರು. ಶಿಕಾರಿಪುರದ ಬಸ್ ಸ್ಟ್ಯಾಂಡಿನಿಂದ ಶಾಲೆಯವರೆಗಿನ ದಾರಿಯಲ್ಲಿ ಎತ್ತಿನ ಗಾಡಿ, ಟೆಂಪೊ, ಸೈಕಲ್ಲುಗಳ ನಡುವೆ ಈ ಪ್ರದಕ್ಷಿಣೆ ದಿನಾ ನಡೆಯುತ್ತಿತ್ತು. ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಹಾಡಲ್ಲ, ಮುಖವೂ ಅಲ್ಲ, ಈ ಸುತ್ತು.

ಊರಿಗೆಲ್ಲ ಅವರು ‘ಹಾಡಿನ ಅಕ್ಕೋರು’. ನಾನು ತೊಂಬತ್ತರ ದಶಕದ ನಡುವೆ ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದಾಗ ಅವರಿಗೆ ಐವತ್ತರ ಆಸುಪಾಸು. ಸಂಗೀತ ಕಲಿಸುತ್ತಿದ್ದರು. ಹುಟ್ಟೂರು ಸೊರಬ, ಕೊಟ್ಟದ್ದು ಶಿಕಾರಿಪುರಕ್ಕೆ. ಗಂಡ ಬೇಗ ಹೋಗಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ಅವರೂ ಅವರ ಅತ್ತೆಯೂ ಇಬ್ಬರೇ. ಆ ಮನೆಯ ಒಂದು ಪಾಲಿನಲ್ಲಿ ನಾನು ಬಾಡಿಗೆಗಿದ್ದೆ.

ಮುಡಿಗೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ಹಾರ್ಮೋನಿಯಂ ಮುಂದೆ ಕೂತರೆಂದರೆ ಅವರಿಗೆ ಬೆಲ್ಲಿನ ಪರಿವೆ ಇರುತ್ತಿರಲಿಲ್ಲ. ಅವರ ತರಗತಿ ಮುಗಿಯಲಿ ಎಂದು ನಾನು ಬಾಗಿಲ ಹೊರಗೆ ಪ್ರಯೋಗದ ಸಾಮಾನು ಹಿಡಿದು ನಿಂತದ್ದು ಎಷ್ಟೋ ಸಲ. ಯಾವುದಾದರೂ ಹುಡುಗಿ “ನಂಗ ಬರಲ್ರಿ ಅಕ್ಕೋರೇ” ಎಂದರೆ, “ಬರಲ್ಲ ಅನ್ನೋ ಮಾತು ಬಸ್ಸಿಗೆ ಹೇಳು. ಹಾಡು ಬರುತ್ತೆ, ಕರೀಬೇಕು” ಎನ್ನುತ್ತಿದ್ದರು. ಕರೆಯುವುದೆಂದರೆ ಅದೇ ಸಾಲನ್ನು ಬಾಯಿ ನೋಯುವ ತನಕ ಹಾಡಿಸುವುದು. ಹುಡುಗಿಯರು ಗೊಣಗುತ್ತಿದ್ದರು. ಆದರೂ ಹಾಡಿನ ಪೀರಿಯಡ್ಡಿಗೆ ಯಾರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ನಾನು ಆ ಊರಿಗೆ ಹೋಗುವ ಹಿಂದಿನ ವರ್ಷ, ಒಂದು ಬೆಳಿಗ್ಗೆ ಎದ್ದಾಗ ಅವರ ಎಡಗಿವಿ ಕೇಳಿಸಲಿಲ್ಲವಂತೆ. ನೀರು ಹೋಗಿರಬೇಕು ಎಂದುಕೊಂಡು ಎಣ್ಣೆ ಕಾಯಿಸಿ ಬಿಟ್ಟುಕೊಂಡರು. ಪರೀಕ್ಷೆಯ ದಿನಗಳು, ರಜೆ ಹಾಕಲಿಲ್ಲ. ಶಿವಮೊಗ್ಗದ ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ತಡವಾಗಿತ್ತು. ನರವೇ ಹೋಗಿದೆ, ಮಿಷನ್ ಹಾಕಿದರೂ ಉಪಯೋಗವಿಲ್ಲ, ಉಳಿದಿರುವುದನ್ನು ಜೋಪಾನ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದರಂತೆ.

ಒಂದು ಕಿವಿ ಹೋದರೆ ಅರ್ಧ ಕೇಳಿಸುತ್ತದೆ ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲವೆಂದು ಅವರನ್ನು ನೋಡಿ ಕಲಿತೆ. ಸದ್ದು ಕೇಳಿಸುತ್ತದೆ, ದಿಕ್ಕು ಹೋಗಿಬಿಡುತ್ತದೆ. ಸಂತೆಯಲ್ಲಿ ಯಾರಾದರೂ “ಅಕ್ಕೋರೇ” ಎಂದು ಕರೆದರೆ ಅವರು ನಿಂತು, ನಿಧಾನವಾಗಿ ಒಂದು ಸುತ್ತು ತಿರುಗಿ, ಯಾರ ಮುಖದಲ್ಲಿ ನಗು ಇದೆ ಎಂದು ಹುಡುಕುತ್ತಿದ್ದರು. ಸಂತೆಯಲ್ಲಿ ಅದು ನಡೆಯುತ್ತದೆ. ಸಾಲಾಗಿ ನಿಂತು ಒಟ್ಟಿಗೆ ಹಾಡುವ ಹುಡುಗಿಯರ ಮುಂದೆ ನಡೆಯುವುದಿಲ್ಲ. ಯಾರೋ ಶ್ರುತಿ ತಪ್ಪಿದರು ಎನ್ನುವುದು ಅವರಿಗೆ ಸೂಜಿ ಚುಚ್ಚಿದ ಹಾಗೆ ಗೊತ್ತಾಗುತ್ತಿತ್ತು. ಯಾರು ಎನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಒಂದಷ್ಟು ದಿನ ತುಟಿ ನೋಡಿ, ಕಣ್ಣು ನೋಡಿ, ಅಂದಾಜಿನ ಮೇಲೆ ನಡೆಸಿದರು.

ಅಂದಾಜು ಒಂದು ದಿನ ಕೈಕೊಟ್ಟಿತು. ತಾಲ್ಲೂಕು ಮಟ್ಟದ ಸಮೂಹಗಾಯನಕ್ಕೆ ತಯಾರಿ ನಡೆದಿತ್ತು. ಶಾಲೆಯ ಒಂದು ಸಮಾರಂಭಕ್ಕೆ ಮುಖ್ಯ ಅತಿಥಿಗಳಾಗಿ ಬಂದವರ ಎದುರಿಗೆ ಒಂದು ಸಲ ಹಾಡಿಸಿ ತೋರಿಸುವಾಗ ಯಾರೋ ಶ್ರುತಿಯಿಂದ ಕೆಳಗಿಳಿದರು. ಅಕ್ಕೋರು ಹಾಡು ನಿಲ್ಲಿಸಿ, ಬಳ್ಳಿಗಾವಿಯಿಂದ ಬಸ್ಸಿಗೆ ಬರುತ್ತಿದ್ದ ಗಿರಿಜಾ ಎಂಬ ಹುಡುಗಿಯನ್ನು ಎಲ್ಲರೆದುರು ಬೈದು, ಸಾಲಿನಿಂದ ಹೊರಗೆ ನಿಲ್ಲಿಸಿದರು. ತಪ್ಪಿದವಳು ಗಿರಿಜಾ ಆಗಿರಲಿಲ್ಲ. ಅದು ಹುಡುಗಿಯರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಾಯಿತು. ಸಂಜೆ ಒಬ್ಬಳು ಧೈರ್ಯ ಮಾಡಿ ಅಕ್ಕೋರಿಗೆ ಹೇಳಿದಳು. ಮರುದಿನದಿಂದ ಗಿರಿಜಾ ಶಾಲೆಗೆ ಬರಲಿಲ್ಲ.

ಭಾನುವಾರ ಅಕ್ಕೋರು ನನ್ನನ್ನೂ ಕರೆದುಕೊಂಡು ಬಳ್ಳಿಗಾವಿಗೆ ಹೊರಟರು. ಗಿರಿಜಾಳ ಅಪ್ಪ ಅಂಗಳದಲ್ಲಿ ಭತ್ತ ಹರವುತ್ತಿದ್ದರು. ಅಕ್ಕೋರನ್ನು ಕಂಡು ಕೈಯಲ್ಲಿದ್ದ ಹಲಗೆ ಬಿಟ್ಟು ಎದ್ದು ನಿಂತರು. ನೀರು ಬೆಲ್ಲ ಬಂತು. ಅಕ್ಕೋರು ಅದನ್ನು ಮುಟ್ಟದೆ ಹುಡುಗಿಯನ್ನು ಕರೆಸಿ ಅಂದರು:

“ತಪ್ಪಿದ್ದು ನೀನಲ್ಲ, ನಾನು. ನನ್ನ ಎಡಗಿವಿ ಸತ್ತೋಗಿದೆ. ಇದನ್ನ ಮೊದಲೇ ನಿಮಗೆಲ್ಲ ಹೇಳಬೇಕಿತ್ತು, ಮರ್ಯಾದೆಗೆ ಅಂಜಿ ಹೇಳಲಿಲ್ಲ. ನೀನು ಬಂದ್ರೆ ನಾಳೆ ಕ್ಲಾಸಲ್ಲೂ ಇದನ್ನೇ ಹೇಳ್ತೀನಿ.”

ಹುಡುಗಿ ತಲೆ ಎತ್ತಲಿಲ್ಲ. ಅಪ್ಪನೇ, “ನೀರು ಕುಡೀರಿ ಅಕ್ಕೋರೇ. ನಾಳಿ ಬರ್ತಾಳ” ಎಂದರು. ಹುಡುಗಿ ಬಂದಳು. ಅಕ್ಕೋರು ಮಾತಿಗೆ ತಪ್ಪದೆ ತರಗತಿಯಲ್ಲಿ ಎಲ್ಲವನ್ನೂ ಹೇಳಿದರು.

ಹೇಳಿದ್ದೇ ತಡ, ಮಾತು ಊರಿಗೆ ಹರಡಿತು. ಕಿವಿ ಕೇಳದವರ ಹತ್ತಿರ ಎಂಥ ಸಂಗೀತ ಎಂಬ ಆಕ್ಷೇಪ ಆಡಳಿತ ಮಂಡಳಿಯ ಸೆಕ್ರೆಟರಿಯವರ ಕಿವಿಗೂ ಬಿತ್ತು. ಅವರು ಅಡಿಕೆ, ಮೆಣಸಿನ ವ್ಯಾಪಾರದವರು, ಕೆಟ್ಟವರೇನಲ್ಲ. ಹೆಡ್ಮಾಸ್ಟರು ಒಂದು ದಿನ ಅಕ್ಕೋರನ್ನು ಕರೆದು, ಬರುವ ಜೂನ್‌ನಿಂದ ಲೈಬ್ರರಿ ನೋಡಿಕೊಂಡರೆ ಸಾಕು, ಹಾಡಿನ ಪೀರಿಯಡ್ಡನ್ನು ಹೊಲಿಗೆಗೆ ಕೊಡೋಣ, ಸಂಬಳಕ್ಕೆ ಏನೂ ತೊಂದರೆಯಿಲ್ಲ ಎಂದು ಮೆತ್ತಗೆ ಹೇಳಿದರು. ಬೇರೆಯವರಾದರೆ ಅತ್ತಿದ್ದರು ಅಥವಾ ಜಗಳ ಆಡಿದ್ದರು. ಇವರು, “ಜೂನ್ ಬರಲಿ ಸಾರ್, ನೋಡೋಣ” ಎಂದಷ್ಟೇ ಹೇಳಿ ತರಗತಿಗೆ ಹೋದರಂತೆ.

ಆ ದೀಪಾವಳಿಗೆ ತವರಿಗೆ ಹೋಗುವಾಗ ಒತ್ತಾಯ ಮಾಡಿ ನನ್ನನ್ನೂ ಸೊರಬಕ್ಕೆ ಕರೆದೊಯ್ದರು. ಅವರ ತಮ್ಮ ಅಲ್ಲಿ ವಿಡಿಯೊ ಪಾರ್ಲರ್ ನಡೆಸುತ್ತಿದ್ದರು. ಗಲ್ಫಿನಿಂದ ಬಂದ ಯಾರಿಂದಲೋ ಕೊಂಡ ಸೆಟ್ಟು ಕೂಡಿಸಿ, ‘ಹೋಮ್ ಥಿಯೇಟರ್ ಸೌಂಡ್’ ಎಂದು ಹೊರಗೆ ಬೋರ್ಡು ಬರೆಸಿದ್ದರು. ಜಡೆ, ಉಳವಿಯ ಕಡೆಯಿಂದೆಲ್ಲ ಜನ ಬರುತ್ತಿದ್ದರಂತೆ. ಮನೆಮನೆಗೆ ಕೇಬಲ್ ಟೀವಿ ಬಂದ ಮೇಲೆ ಪಾರ್ಲರಿಗೆ ಬೀಗ ಬಿತ್ತು. ಸಾಮಾನೆಲ್ಲ ಹಿತ್ತಲ ಕೋಣೆಯಲ್ಲಿ ಗೋಣಿಚೀಲಗಳ ಹಿಂದೆ ಧೂಳು ತಿನ್ನುತ್ತಿತ್ತು.

ಅಕ್ಕೋರು ಆ ಕೋಣೆಗೆ ಏನೋ ತರಲು ಹೋದವರು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಒಂದೊಂದೇ ಸ್ಪೀಕರ್ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಸಾಲಾಗಿ ಜೋಡಿಸುತ್ತಿದ್ದರು. ಎರಡು ದೊಡ್ಡವು, ಎರಡು ಸಣ್ಣವು, ಟೀವಿಯ ಮೇಲೆ ಇಡುವ ಉದ್ದನೆಯದೊಂದು. ಇದಲ್ಲದೆ ಗುಡುಗಿನ ಸದ್ದಿಗೆಂದೇ ಇದ್ದ ದಪ್ಪ ಪೆಟ್ಟಿಗೆ. ಅವೆಲ್ಲವನ್ನೂ ತಮಗೆ ಕೊಡಬೇಕೆಂದು ಕೇಳಿದರು.

ತಮ್ಮ ನಕ್ಕುಬಿಟ್ಟರು. ಬೇಕಾದರೆ ಟೀವಿ ತೆಗೆದುಕೊಂಡು ಹೋಗು, ಇವನ್ನು ಇಲಿ ಕಡಿದಿದೆ ಎಂದರು. ಕಡೆಗೆ, ಅಕ್ಕನಿಗೆ ನೋವಾಗಬಾರದೆಂದು ಹಿಂಜರಿಯುತ್ತಲೇ, “ಒಂದು ಕಿವಿ ಇಟ್ಕಂಡು ಐದು ಪೆಟ್ಟಿಗೆ ತಗಂಡು ಎಂತ ಮಾಡ್ತೆ ಅಕ್ಕ?” ಎಂದರು.

“ಎರಡು ಇದ್ದಿದ್ರೆ ಒಂದು ರೇಡಿಯೋ ಸಾಕಿತ್ತು,” ಎಂದರು ಅಕ್ಕೋರು. “ಒಂದೇ ಇರೋದ್ರಿಂದ್ಲೇ ಐದು ಬೇಕು.”

ಪೆಟ್ಟಿಗೆಗಳು ಬಸ್ಸಿನ ಮೇಲೆ ಹೋದವು. ಆಂಪ್ಲಿಫೈಯರನ್ನು ಮಾತ್ರ ಅವರು ಯಾರ ಕೈಗೂ ಕೊಡಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು. ಶಿರಾಳಕೊಪ್ಪ ದಾಟುವ ತನಕ ಪಕ್ಕದಲ್ಲಿ ನಿಂತವರೊಬ್ಬರು ಮಗು ಮಲಗಿದೆ ಎಂದುಕೊಂಡಿದ್ದರು.

ಮನೆಯಲ್ಲಿ ಅತ್ತೆಗೆ ಇದು ಸೇರಲಿಲ್ಲ. ಎಪ್ಪತ್ತು ದಾಟಿದ್ದರೂ ಅವರ ಕಿವಿ, ನಾಲಿಗೆ ಎರಡೂ ಚುರುಕು. “ಟೆಂಟ್ ಟಾಕೀಸು ಮನಿಗೇ ಬಂತು ನೋಡ್ರಿ” ಎಂದು ಬಾಗಿಲಲ್ಲಿ ಹೋಗುವವರಿಗೆಲ್ಲ ಹೇಳಿದರು. ಗುಡುಗಿನ ಪೆಟ್ಟಿಗೆ ಪೂರ್ತಿ ಸತ್ತಿತ್ತು. ಮೊದಲ ದಿನವೇ ಅದರ ಮೇಲೊಂದು ಚಾಪೆ ತುಂಡು ಹಾಕಿ, ತಮ್ಮ ಎಲೆಅಡಿಕೆ ಚೀಲ ಇಟ್ಟು, ತಮ್ಮ ಆಸನವಾಗಿ ಮಾಡಿಕೊಂಡರು.

ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಫಿಸಿಕ್ಸ್ ಓದಿದ್ದೆ ಎನ್ನುವುದನ್ನು ಬಿಟ್ಟರೆ ನನಗೆ ಅದರ ಗಂಧವಿರಲಿಲ್ಲ. ಇಲಿ ಕಡಿದ ವೈರುಗಳನ್ನು ಕಿತ್ತು ಹೊಸದು ಎಳೆದೆವು. ರೇಡಿಯೋ ರಿಪೇರಿಯವರು ಫ್ಯೂಸ್ ಹಾಕಿ, ಒಳಗಿನ ಧೂಳು ತೆಗೆದು, ಒಂದು ಭಾಗ ಸುಟ್ಟಿದೆ, ಇದರ ಸಾಮಾನು ಇಲ್ಲಿ ಸಿಗುವುದಿಲ್ಲ ಎಂದರು. ಉಳಿದ ಭಾಗದಿಂದಲೇ ಐದಕ್ಕೂ ಸದ್ದು ಹಂಚುವುದೆಂದು ನಿರ್ಧರಿಸಿದೆವು. ಅವರ ಹಳೆಯ ಟೇಪ್ ರೆಕಾರ್ಡರನ್ನು ಅದಕ್ಕೆ ಜೋಡಿಸಿ ಸ್ವಿಚ್ಚು ಹಾಕಿದರೆ ಬಂದದ್ದು ಹಾಡಲ್ಲ, ಕಣಜದ ಗೂಡಿಗೆ ಕಲ್ಲು ಹೊಡೆದಂಥ ಗುಂಯ್ ಸದ್ದು.

ಆ ಗುಂಯ್ ನಮ್ಮನ್ನು ಬಹಳ ಆಡಿಸಿತು. ವೈರು ಬದಲಿಸಿದೆವು, ಪ್ಲಗ್ಗು ತಿರುಗಿಸಿದೆವು. ಆಮೇಲೆ ಆ ಮನೆಗೆ ಅರ್ಥಿಂಗೇ ಇಲ್ಲವೆಂದು ನನಗೆ ಹೊಳೆಯಿತು. ಹಿತ್ತಲಲ್ಲಿ ಗುಂಡಿ ತೆಗೆಸಿ, ಉಪ್ಪು, ಇದ್ದಿಲು ಸುರಿದು, ಕಬ್ಬಿಣದ ಪೈಪು ಹುಗಿಸಿದೆವು. ಅತ್ತೆ ಕಟ್ಟೆಯ ಮೇಲೆ ಕೂತು, ಏನು ನೆಡುತ್ತಿದ್ದೀರಿ ಎಂದು ಕೇಳಿದರು. ಸಂಗೀತ, ಎಂದರು ಸೊಸೆ. ಮಣ್ಣು ಒಣಗಬಾರದು ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡ ಅತ್ತೆ ಮಾರನೆಯ ದಿನದಿಂದ ಅಕ್ಕಿ ತೊಳೆದ ನೀರನ್ನು ತಪ್ಪದೆ ಅಲ್ಲಿಗೆ ಸುರಿಯತೊಡಗಿದರು. ಗುಂಯ್ ನಿಂತಿತು.

ಆಮೇಲೆ ಒಂದು ಹಲಗೆಗೆ ಐದು ಸ್ವಿಚ್ಚು ಕೂಡಿಸಿದೆ. ಯಾವ ಸ್ವಿಚ್ಚು ಒತ್ತಿದರೆ ಆ ಪೆಟ್ಟಿಗೆ ಮಾತ್ರ ಹಾಡಬೇಕು. ನಡುಮನೆಯಲ್ಲಿ ಅರ್ಧಚಂದ್ರಾಕಾರವಾಗಿ, ಹುಡುಗಿಯರು ನಿಲ್ಲುವ ಹಾಗೆಯೇ, ಪೆಟ್ಟಿಗೆಗಳನ್ನು ಸ್ಟೂಲಿನ ಮೇಲೆ ಇಟ್ಟೆವು. ಅಕ್ಕೋರು ನಡುವೆ ಚಾಪೆಯಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ತಾವೇ ಹಾಡಿ ತುಂಬಿಸಿದ ಸರಳೆಯ ಕ್ಯಾಸೆಟ್ಟು. ನಾನು ಒಂದು ಸ್ವಿಚ್ಚು ಒತ್ತಿ ಯಾವುದು ಎಂದು ಕೇಳಬೇಕು, ಅವರು ಕೈ ತೋರಿಸಬೇಕು. ಕಳೆದುಹೋದ ದಿಕ್ಕನ್ನು ಹೀಗೆ ಹಟ ಹಿಡಿದು ವಾಪಸು ತರಿಸಬಹುದೆಂದು ಅವರ ನಂಬಿಕೆ. ನನಗೆ ನಂಬಿಕೆಯಿರಲಿಲ್ಲ. ಆದರೆ ಹಾಗೆಂದು ಹೇಳುವ ಧೈರ್ಯವೂ ಇರಲಿಲ್ಲ.

ಕೈ ತಪ್ಪು ಕಡೆಗೇ ಹೋಗುತ್ತಿತ್ತು. ಎಡಗಡೆಯ ಪೆಟ್ಟಿಗೆ ಹಾಡಿದರೆ ಬಲಕ್ಕೆ ತೋರಿಸುತ್ತಿದ್ದರು. ತಲೆ ಹೊರಳಿಸಿ, ಬಾಗಿ, ಎದ್ದು ನಿಂತು, ಎಲ್ಲ ಥರ ನೋಡಿದರು. ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಕರೆಂಟು ಇದ್ದಾಗಲೆಲ್ಲ ಇದೇ. ನನಗೆ ಬಿಡುವಿಲ್ಲದ ದಿನಗಳಲ್ಲಿ ಅತ್ತೆ ಸ್ವಿಚ್ಚಿನ ಹಲಗೆ ಹಿಡಿಯತೊಡಗಿದರು. ಬೈಯುತ್ತಲೇ ಶುರುಮಾಡಿದ ಮುದುಕಿಗೆ ಸೊಸೆಯ ಪರೀಕ್ಷೆ ಮಾಡುವ ರುಚಿ ಹತ್ತಿಬಿಟ್ಟಿತು. ಸತ್ತ ಪೆಟ್ಟಿಗೆಯ ಮೇಲೆ ಕೂತು, ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು, ಒಮ್ಮೊಮ್ಮೆ ಯಾವ ಸ್ವಿಚ್ಚನ್ನೂ ಒತ್ತದೆ “ಯಾವ್ದು?” ಎಂದು ಕೇಳುತ್ತಿದ್ದರು. ಕೇಳಿಸುತ್ತಿಲ್ಲ ಎಂದು ಸೊಸೆ ಗಾಬರಿಯಾದರೆ ಮುದುಕಿಗೆ ನಗು ತಡೆಯಲಾಗುತ್ತಿರಲಿಲ್ಲ.

ಸಂಕ್ರಾಂತಿ ಕಳೆದರೂ ದಿಕ್ಕು ಬರಲಿಲ್ಲ. ಒಂದು ದಿನ ಅವರು ಕಣ್ಣು ತೆರೆದು ಚಾಪೆಯ ಅಂಚನ್ನು ಕೀಳುತ್ತಾ ಕೂತುಬಿಟ್ಟರು. ಸಾಕು ಮಾಡೋಣ ಎನ್ನುತ್ತಾರೇನೋ ಎಂದು ನಾನು ಕಾದೆ. ಅವರು ಹೇಳಿದ್ದು ಬೇರೆ.

“ಟೀಚರೇ, ಈಗ ಹಾಡ್ತಲ್ಲ, ಅದು ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ. ಆದ್ರೆ ನಿನ್ನೆ ಮೊದಲು ಹಾಡಿದ್ದೂ ಅದೇ. ಸ್ವಲ್ಪ ಮೂಗಲ್ಲಿ ಹಾಡುತ್ತೆ.”

ನಾನು ಇನ್ನೊಂದು ಒತ್ತಿದೆ. ಇದಕ್ಕೆ ಶೀತ ಆಗಿದೆ ಎಂದರು. ಮತ್ತೊಂದಕ್ಕೆ, ಇದು ಕೊಡದ ಒಳಗಿಂದ ಬಂದ ಹಾಗಿದೆ ಎಂದರು. ನನ್ನ ಎರಡು ಕಿವಿಗೆ ಐದೂ ಒಂದೇ ಥರ ಕೇಳಿಸುತ್ತಿದ್ದವು. ಹಳೆಯ ಸೆಟ್ಟು, ಕಾಗದ ಹರಿದ ಕೋನ್‌ಗಳು, ಗಾತ್ರ ಬೇರೆ ಬೇರೆ, ನಿಜವಾಗಿ ನೋಡಿದರೆ ಒಂದರ ಹಾಗೆ ಇನ್ನೊಂದು ಹಾಡಲು ಸಾಧ್ಯವೇ ಇರಲಿಲ್ಲ. ಆ ಬೆಳಿಗ್ಗೆ ಅವರು ಒಂದನ್ನೂ ತಪ್ಪಲಿಲ್ಲ. ನಾನು ಪೆಟ್ಟಿಗೆಗಳ ಜಾಗ ಬದಲಿಸಿ ಇಟ್ಟೆ. ಆಗಲೂ ತಪ್ಪಲಿಲ್ಲ.

“ದಿಕ್ಕು ಹೋದ್ರೆ ಹೋಗ್ಲಿ ಬಿಡ್ರಿ,” ಎಂದು ಎದ್ದು ಸೆರಗು ಬಿಗಿದರು. “ದನಿ ಇದೆಯಲ್ಲ.”

ಅಂದಿನಿಂದ ಅವರ ತರಗತಿಯ ರೀತಿ ಬದಲಾಯಿತು. ಹಾಜರಿ ಕೂಗುವುದನ್ನು ಬಿಟ್ಟರು. ಪ್ರತಿಯೊಬ್ಬಳೂ ಒಂದು ಸಾಲು ಹಾಡಿ ಹಾಜರಿ ಕೊಡಬೇಕು, ಅವರು ಕಣ್ಣು ಮುಚ್ಚಿ ಹೆಸರು ಹೇಳಬೇಕು. ಹೆಸರು ತಪ್ಪಿದರೆ ಹುಡುಗಿಯರು ನಗಬಹುದು, ಅದಕ್ಕೆ ಅವರೇ ಪರವಾನಗಿ ಕೊಟ್ಟಿದ್ದರು. ಮೊದಮೊದಲು ಕೋಣೆಯ ತುಂಬ ನಗು. ಬರುಬರುತ್ತಾ ನಗು ಕಡಿಮೆಯಾಗಿ, ತಮ್ಮ ದನಿ ಹೇಗಿದೆ ಎಂದು ಅವರಿಂದ ಕೇಳಿ ತಿಳಿದುಕೊಳ್ಳುವ ಆಸೆ ಹುಡುಗಿಯರಿಗೆ ಹುಟ್ಟಿತು. ನಸೀಮಾಳ ದನಿಗೆ ಕೊನೆಯಲ್ಲಿ ಒಂದು ಕೊಂಕು, ಸಾವಿತ್ರಿಯದು ಹಸಿ ಹುಣಸೆ, ಗಿರಿಜಾಳದು ಮಣ್ಣಿನ ಮಡಕೆಯ ನೀರು. ಮನೆಯಲ್ಲಿ ಅವರು ಈ ಹುಡುಗಿಯರ ದನಿಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ತಂದು, ಐದೂ ಪೆಟ್ಟಿಗೆಯಲ್ಲಿ ಒಟ್ಟಿಗೆ ಹಾಡಿಸಿ, ಗುಂಪಿನ ನಡುವಿನಿಂದ ಒಬ್ಬೊಬ್ಬಳನ್ನೇ ಹೆಕ್ಕಿ ತೆಗೆಯುವುದನ್ನು ಅಭ್ಯಾಸ ಮಾಡಿದರು.

ಪರೀಕ್ಷೆಗಳು ಶುರುವಾಗುವ ಮೊದಲು ಅಕ್ಕೋರೇ ಹೋಗಿ ಸೆಕ್ರೆಟರಿಯವರನ್ನೂ ಹೆಡ್ಮಾಸ್ಟರನ್ನೂ ತಮ್ಮ ತರಗತಿಗೆ ಕರೆದರು. ನನಗೆ ಆ ಪೀರಿಯಡ್ ಬಿಡುವಿತ್ತು, ಹಿಂದೆ ನಿಂತಿದ್ದೆ. ಸೆಕ್ರೆಟರಿಯವರು ಕುರ್ಚಿಯಲ್ಲಿ ಕೂತು, ಇದೆಲ್ಲ ಯಾಕೆ ಬೇಕಿತ್ತು ಎನ್ನುವ ಮುಖದಲ್ಲಿ ವಾಚು ತಿರುಗಿಸುತ್ತಿದ್ದರು. ಅಕ್ಕೋರು ಹೆಚ್ಚು ಮಾತಾಡಲಿಲ್ಲ. ಹುಡುಗಿಯರಿಗೆ ಜಾಗ ಬದಲಿಸಿ ನಿಲ್ಲಲು ಹೇಳಿದರು. ಯಾರು ತಪ್ಪು ಹಾಡಬೇಕೆಂದು ಸೆಕ್ರೆಟರಿಯವರೇ ಕೈಸನ್ನೆ ಮಾಡಲಿ ಎಂದರು. ತಾವು ಗೋಡೆಯ ಕಡೆ ಮುಖ ಮಾಡಿ ನಿಂತರು.

ಹಾಡು ಎದ್ದಿತು. ಎರಡನೆಯ ಸಾಲಿನಲ್ಲಿ ಒಂದು ದನಿ ಕೆಳಗಿಳಿಯಿತು. “ಸಾವಿತ್ರಿ,” ಎಂದರು ಅಕ್ಕೋರು.

ಸಾವಿತ್ರಿ ಆಗಿರಲಿಲ್ಲ. ಪಕ್ಕದವಳು. ಹೆಡ್ಮಾಸ್ಟರು ನೆಲ ನೋಡಿದರು. ಆ ಹುಡುಗಿಯೇ ಅಳುದನಿಯಲ್ಲಿ, ನಾನು ರೀ ಅಕ್ಕೋರೇ ಎಂದಳು.

“ತಪ್ಪಿತು. ಇನ್ನೊಂದು ಸಲ ಹಾಡ್ರಿ,” ಎಂದರು ಅಕ್ಕೋರು, ಗೋಡೆಯಿಂದ ತಿರುಗದೆ.

ಮತ್ತೆ ಹಾಡಿದರು. ಈ ಸಲ ಹೆಸರು ಸರಿಯಾಯಿತು. ಅದರ ಮುಂದಿನದೂ ಸರಿಯಾಯಿತು. ನಾಲ್ಕನೆಯ ಸಲ ಸೆಕ್ರೆಟರಿಯವರು ಜಾಣತನ ಮಾಡಿ ಒಟ್ಟಿಗೇ ಇಬ್ಬರಿಗೆ ಸನ್ನೆ ಮಾಡಿದರು. ಅಕ್ಕೋರು ಕೂಡಲೇ ಹೇಳಲಿಲ್ಲ. ತಲೆಯನ್ನು ಬಲಕ್ಕೆ ಸ್ವಲ್ಪ ವಾಲಿಸಿ ಸಾಲು ಮುಗಿಯುವ ತನಕ ಕೇಳಿದರು. ಆಮೇಲೆ ನಸೀಮಾ, ಗಿರಿಜಾ ಇಬ್ಬರ ಹೆಸರನ್ನೂ ಹೇಳಿದರು. ಹುಡುಗಿಯರು ಹೋ ಎಂದು ಚಪ್ಪಾಳೆ ತಟ್ಟಿದರು. ಸೆಕ್ರೆಟರಿಯವರೂ ತಟ್ಟಿದರು. ಆದರೆ ವ್ಯಾಪಾರದವರು, ತೂಕ ಬಿಟ್ಟುಕೊಡಲಿಲ್ಲ.

“ಮೊದಲನೇದು ತಪ್ಪಿತಲ್ರಿ ಅಕ್ಕೋರೇ,” ಎಂದರು.

“ಎರಡು ಕಿವಿ ಇದ್ದಾಗ್ಲೂ ಅಷ್ಟು ತಪ್ಪತಿದ್ದೆ ಸಾರ್. ಆಗ ಯಾರೂ ಬಂದು ನೋಡಿರಲಿಲ್ಲ.”

ಸೆಕ್ರೆಟರಿಯವರು ಜೋರಾಗಿ ನಕ್ಕರು. ಹೋಗುವಾಗ ಹೆಡ್ಮಾಸ್ಟರಿಗೆ ಏನು ಹೇಳಿದರೋ ಕೇಳಿಸಲಿಲ್ಲ. ಜೂನ್ ಬಂತು. ಟೈಮ್‌ಟೇಬಲ್ಲಿನಲ್ಲಿ ಹಾಡಿನ ಪೀರಿಯಡ್ಡು ಇದ್ದ ಜಾಗದಲ್ಲೇ ಇತ್ತು, ಲೈಬ್ರರಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾನು ಬೇರೆ ಕಡೆ ಕೆಲಸ ಸಿಕ್ಕಿ ಆ ಊರು ಬಿಟ್ಟೆ. ಅವರು ಅದೇ ಶಾಲೆಯಲ್ಲಿ ಹಾಡಿಸುತ್ತಲೇ ರಿಟೈರಾದರೆಂದು ನಂತರ ಗೊತ್ತಾಯಿತು. ಅತ್ತೆ ತೊಂಬತ್ತರ ಹತ್ತಿರದವರೆಗೂ ಇದ್ದರಂತೆ.

ಆ ದಿನಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಶಾಲೆಯ ಆ ಚಪ್ಪಾಳೆಯಲ್ಲ, ಅದರ ಮರುದಿನದ ಭಾನುವಾರ. ತಿಂಡಿ ಮುಗಿಸಿ ಎಂದಿನಂತೆ ಸ್ವಿಚ್ಚಿನ ಹಲಗೆ ಹಿಡಿಯಲು ಅವರ ಪಾಲಿಗೆ ಹೋದೆ. ಅಕ್ಕೋರು ಆಗಲೇ ಸ್ಟೂಲುಗಳನ್ನು ಸರಿಸಿದ್ದರು. ಅರ್ಧಚಂದ್ರ ಹೋಗಿ ಪೆಟ್ಟಿಗೆಗಳೆಲ್ಲ ಬಲಗಡೆಯ ಗೋಡೆಗೆ ಒತ್ತಾಗಿ ನಿಂತಿದ್ದವು. ಅವರು ಟ್ರಂಕಿನಿಂದ ಒಂದು ಕ್ಯಾಸೆಟ್ಟು ತೆಗೆದುಕೊಟ್ಟರು. ಅದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೊರಬದಲ್ಲಿ ಅವರಿಗೆ ಕಲಿಸಿದ ಗುರುಗಳು ಯಾರದೋ ಮನೆಯ ಜಗಲಿಯಲ್ಲಿ ಬೆಳಗಿನ ಹೊತ್ತು ಹಾಡಿದ ತೋಡಿಯಂತೆ. ಇಷ್ಟು ದಿನ ಇದನ್ನು ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಇದನ್ನು ಪರೀಕ್ಷೆಗೆ ಬಳಸಲು ಮನಸ್ಸು ಬರಲಿಲ್ಲ ಎಂದರು.

ನಾನು ಹಲಗೆಯ ಹತ್ತಿರ ಕೂತು ಯಾವ ಸ್ವಿಚ್ಚು ಎಂದು ನೋಡಿದೆ.

“ಎಲ್ಲಾ ಹಾಕಿಬಿಡ್ರಿ,” ಎಂದರು. “ಇವತ್ತು ನನ್ನ ಏನೂ ಕೇಳಬೇಡ್ರಿ.”

ಐದೂ ಪೆಟ್ಟಿಗೆಗಳಿಂದ ಮುದಿ ದನಿಯೊಂದು ಮೆಲ್ಲಗೆ ಎದ್ದು ಕೋಣೆ ತುಂಬಿತು. ನಡುವೆ ಯಾರದೋ ಕೆಮ್ಮು, ದೂರದಲ್ಲಿ ಒಂದು ಹುಂಜದ ಕೂಗು, ಎಲ್ಲವೂ ಇತ್ತು. ಅಕ್ಕೋರು ಎಡಗೆನ್ನೆಯನ್ನು ಕಂಬಕ್ಕೆ ಆನಿಸಿ, ಬಲಗಿವಿಯನ್ನು ಹಾಡಿಗೆ ಕೊಟ್ಟು ಕೂತರು. ಅವರು ಬೆರಳು ಎಣಿಸಲಿಲ್ಲ, ತಲೆ ಹೊರಳಿಸಲಿಲ್ಲ, ಯಾರನ್ನೂ ತಿದ್ದಲಿಲ್ಲ. ಹಾಡುವವರ ದನಿ ಒಂದು ಕಡೆ ಸ್ವಲ್ಪ ಜಾರಿತು. ನನಗೇ ಗೊತ್ತಾಯಿತು ಅಂದಮೇಲೆ ಅವರಿಗೆ ಗೊತ್ತಾಗದೆ ಇರುತ್ತದೆಯೇ. ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಾಗೇ ಕೈ ನಿಲ್ಲಿಸಿ ಕೇಳುತ್ತಿದ್ದರು.

ಒಂದು ಮಗ್ಗುಲು ಮುಗಿದು ಟೇಪು ಟಕ್ ಎಂದು ನಿಂತಿತು. ಯಾರೂ ಏಳಲಿಲ್ಲ. ಎದ್ದು ಅನ್ನಕ್ಕೆ ಇಡುವ ಹೊತ್ತಾಗಿತ್ತು, ತಿದ್ದಬೇಕಾದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ನನ್ನ ಕೋಣೆಯಲ್ಲಿ ಬಿದ್ದಿದ್ದವು. ಅಕ್ಕೋರು ಕೂತ ಭಂಗಿ ಬದಲಿಸದೆ, ಕಣ್ಣನ್ನೂ ತೆರೆಯದೆ, ಮೆಲ್ಲಗೆ ಅಂದರು:

“ಮಗುಚಿ ಹಾಕ್ರಿ.”